ಮಿಷನ್ ಆಸ್ಪತ್ರೆಗೆ ವೈದ್ಯರು ಬೇಕಾಗಿದ್ದಾರೆ

ಈ ವರ್ಷ ಇಂಟರ್ನ್‌ಷಿಪ್ ಮುಗಿಸುತ್ತಿರುವ ಯುವ ವೈದ್ಯರಿಗೆ ಒಂದು ಬಹಿರಂಗ ಪತ್ರ

ಪ್ರಿಯ ಯುವ ವೈದ್ಯರೇ,



ಕ್ರೈಸ್ತ ವೈದ್ಯರ ಬಳಗಗಳು ತಮ್ಮ ಸದಸ್ಯರಿಗಾಗಿ ಸುದ್ದಿಪತ್ರ ಹೊರಡಿಸುವುದುಂಟು. ನಿಮ್ಮಲ್ಲಿ ಹೆಚ್ಚಿನವರು ಅದನ್ನು ನೋಡಿರಲಿಕ್ಕಿಲ್ಲ. ನೋಡಲು ಅಂಥ ಚೆಂದವೂ ಇರುವುದಿಲ್ಲ. ಮುಖಪುಟದಲ್ಲಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಮೂರು ಸಾಲಾಗಿ ನಿಂತ ಸಿಬ್ಬಂದಿಯ ಗ್ರೂಪ್ ಫೋಟೊ. ಒಳಗೆ ಯಾರು ಎಲ್ಲಿಗೆ ಸೇರಿದರು, ಯಾರು ಮೂವತ್ತು ವರ್ಷ ದುಡಿದು ನಿವೃತ್ತರಾದರು, ಯಾವ ಊರಿನ ಆಸ್ಪತ್ರೆಗೆ ಹೊಸ ಎಕ್ಸ್‌ರೇ ಯಂತ್ರ ಬಂತು, ಯಾರಿಗಾಗಿ ಪ್ರಾರ್ಥಿಸಬೇಕು ಎಂಬ ಸಂಗತಿಗಳು. ಕೊನೆಯ ಪುಟದಲ್ಲಿ ‘ಬೇಕಾಗಿದ್ದಾರೆ’ ಎಂಬ ಪಟ್ಟಿ: ಒಬ್ಬ ಸರ್ಜನ್, ಒಬ್ಬ ಅನೆಸ್ತೀಷಿಯಾ ವೈದ್ಯರು, ಇಬ್ಬರು ಎಂಬಿಬಿಎಸ್ ಮುಗಿಸಿದವರು. ಪತ್ರಿಕೆಗಳಿಗೆ ಬರೆಯುವ ಈ ಲೇಖಕನಿಗೆ ಕೊನೆಯ ಪುಟದಿಂದ ಓದುವ ಚಟ. ಆ ಪಟ್ಟಿಯ ಊರುಗಳು ಬದಲಾಗುತ್ತವೆ, ಬೇಡಿಕೆ ಮಾತ್ರ ವರ್ಷವರ್ಷವೂ ಅದೇ. ಈ ಪತ್ರ ಆ ಪಟ್ಟಿಯ ಕುರಿತದ್ದು.

ಬರೆಯುತ್ತಿರುವವನು ವೈದ್ಯನಲ್ಲ. ನೀಟ್ ಪಿಜಿಗೆ ಓದುವವರ ಪಾಡು ಅವನು ಅನುಭವಿಸಿದ್ದಲ್ಲ. ಆದರೆ ಮನೆಯ ಎದುರಿನ ಹುಡುಗಿ ಎಂಬಿಬಿಎಸ್ ಪಾಸಾಗಿ ಎರಡು ವರ್ಷ ಒಬ್ಬ ರೋಗಿಯನ್ನೂ ಮುಟ್ಟದೆ, ಬಾಗಿಲು ಹಾಕಿಕೊಂಡು ಸಾವಿರಾರು ಬಹುಆಯ್ಕೆ ಪ್ರಶ್ನೆಗಳನ್ನು ಉರುಹೊಡೆಯುವುದನ್ನು ಅವನು ನೋಡಿದ್ದಾನೆ. ರೇಡಿಯಾಲಜಿ ಸಿಗುತ್ತದೋ ಡರ್ಮಟಾಲಜಿ ಸಿಗುತ್ತದೋ ಎಂಬ ಅವಳ ಅಪ್ಪ–ಅಮ್ಮನ ಆತಂಕವನ್ನೂ ನೋಡಿದ್ದಾನೆ. ತಜ್ಞರಾಗುವುದು ಬೇಡ ಎಂದು ಹೇಳಲು ಈ ಪತ್ರ ಬಂದಿಲ್ಲ. ತಜ್ಞರಾಗುವ ಮೊದಲು ಎರಡು ವರ್ಷ, ಕೊನೆಗೆ ಒಂದು ವರ್ಷವಾದರೂ, ಆ ಪಟ್ಟಿಯಲ್ಲಿರುವಂಥ ಒಂದು ಊರಿಗೆ ಹೋಗಿ ಬನ್ನಿ ಎಂದು ಕೇಳಲು ಬಂದಿದೆ. ನೀವು ಕ್ರೈಸ್ತರೋ ಅಲ್ಲವೋ ಎಂಬುದು ಈ ಕೋರಿಕೆಗೆ ಮುಖ್ಯವಲ್ಲ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಹಿರಿಯರನ್ನು ಕೇಳಿ. ಅವರಿಗೆ ಮಿರಜ್ ಎಂದರೆ ಎರಡೇ: ತಂಬೂರಿ ಮತ್ತು ದವಾಖಾನೆ. ಕೆನಡಾದಿಂದ ಬಂದ ವಿಲಿಯಂ ವಾನ್ಲೆಸ್ ಎಂಬ ಪ್ರೆಸ್ಬಿಟೇರಿಯನ್ ಮಿಷನರಿ ವೈದ್ಯರು 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದರು. ‘ಮಿರಜಿಗೆ ಒಯ್ದಾರ’ ಎಂದರೆ ಕಾಯಿಲೆ ಕೈಮೀರಿದೆ, ಆದರೆ ಇನ್ನೂ ಆಸೆಯಿದೆ ಎಂದು ಅರ್ಥ. ಈ ಲೇಖಕನ ಅಜ್ಜಿಯನ್ನೂ ಹೊಟ್ಟೆಯಲ್ಲಿ ಗಡ್ಡೆಯೆಂದು ಘಟಪ್ರಭೆಯಲ್ಲಿ ರೈಲು ಹತ್ತಿಸಿ, ರಾಯಬಾಗ, ಕುಡಚಿ ದಾಟಿಸಿ ಅಲ್ಲಿಗೇ ಒಯ್ದಿದ್ದರು. ಜೊತೆಗೆ ಹೋದವರು ಸ್ಟೋವು, ಜೋಳದ ಹಿಟ್ಟು, ಹಾಸಿಗೆ ಎಲ್ಲ ಕಟ್ಟಿಕೊಂಡು ಹೋಗಿ ಹೊರಗೆ ರೊಟ್ಟಿ ಬಡಿದುಕೊಂಡು ಉಳಿದರಂತೆ. ಅಜ್ಜಿ ಮುಂದೆ ಬಹಳ ಕಾಲ ಬಾಳಿದಳು. ಬಂದ ಹೆಣ್ಣುಮಕ್ಕಳಿಗೆಲ್ಲ ಸೀರೆ ಸರಿಸಿ ‘ಮಿರಜಿನ ಹೊಲಿಗೆ’ ತೋರಿಸುವುದು ಅವಳಿಗೊಂದು ಹೆಮ್ಮೆ. ಕೊಯ್ದವರ ಹೆಸರು ಅವಳಿಗೆ ಗೊತ್ತಿರಲಿಲ್ಲ, ‘ಸಾಹೇಬರು’ ಅನ್ನುತ್ತಿದ್ದಳು. ಆ ಹೊತ್ತಿಗೆ ಅಲ್ಲಿ ಭಾರತೀಯ ವೈದ್ಯರೇ ಹೆಚ್ಚಿದ್ದರೆಂಬುದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ.

ದಕ್ಷಿಣದವರಿಗೆ ಮಿರಜಿನ ಜಾಗದಲ್ಲಿ ವೆಲ್ಲೂರು. ಅಲ್ಲಿನ ಕಥೆಯ ಆರಂಭ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮಿಷನರಿ ವೈದ್ಯರೊಬ್ಬರ ಮಗಳು ಐಡಾ ಸ್ಕಡರ್ ಇನ್ನೂ ಹುಡುಗಿ, ಅಮೆರಿಕಕ್ಕೆ ವಾಪಸು ಹೋಗುವ ಮನಸ್ಸಿನವಳು. ಒಂದೇ ರಾತ್ರಿ ಮೂರು ಮನೆಯವರು ಹೆರಿಗೆಯ ಸಂಕಟಕ್ಕೆ ಅವಳನ್ನು ಕರೆಯಲು ಬಂದರು. ಡಾಕ್ಟರಾಗಿದ್ದದ್ದು ಅವಳ ಅಪ್ಪ. ಗಂಡಸನ್ನು ಒಳಗೆ ಬಿಡಲು ಆ ಮೂವರೂ ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಮೂವರು ಗರ್ಭಿಣಿಯರೂ ತೀರಿಕೊಂಡಿದ್ದರು. ಐಡಾ 1899ರಲ್ಲಿ ಕಾರ್ನೆಲ್‌ನಲ್ಲಿ ವೈದ್ಯಪದವಿ ಪಡೆದು ಮರುವರ್ಷ ವೆಲ್ಲೂರಿಗೆ ಬಂದು ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. 1902ರಲ್ಲಿ ಅದು 40 ಹಾಸಿಗೆಯ ಆಸ್ಪತ್ರೆಯಾಯಿತು.

ಈ ಕಥೆಯನ್ನು ಎಲ್ಲರೂ ಆ ರಾತ್ರಿಗೇ ನಿಲ್ಲಿಸುತ್ತಾರೆ. ಅದಕ್ಕಿಂತ ದೊಡ್ಡ ಸಂಗತಿ 1918ರದು. ಆ ವರ್ಷ ಐಡಾ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆಯಲು ಹೊರಟಾಗ ಮದ್ರಾಸಿನ ಸರ್ಕಾರಿ ವೈದ್ಯಾಧಿಕಾರಿ ಮೂರು ಅರ್ಜಿ ಬಂದರೆ ಹೆಚ್ಚು ಎಂದಿದ್ದರಂತೆ. ಬಂದದ್ದು 151. ಕೊನೆಯವರೆಗೂ ಓದಿದ ಹದಿನಾಲ್ಕೂ ಹುಡುಗಿಯರು ಪಾಸಾದರು. ಒಬ್ಬ ಒಳ್ಳೆಯ ಡಾಕ್ಟರಿಂದ ಊರು ಉದ್ಧಾರವಾಗದು, ಆ ಊರಿನ ಮಕ್ಕಳೇ ಡಾಕ್ಟರಾಗಬೇಕು ಎಂದು ಆಕೆಗೆ ಹೊಳೆದಿತ್ತು. ಮಿರಜಿನಲ್ಲಿ ಆಸ್ಪತ್ರೆ ತೆರೆದ ಅದೇ 1894ರಲ್ಲಿ ಪಂಜಾಬಿನ ಲೂಧಿಯಾನದಲ್ಲಿ ಎಡಿತ್ ಬ್ರೌನ್ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ಶುರುಮಾಡಿದ್ದರು.

ಹೆಣ್ಣುಮಕ್ಕಳಿಗೆ ಆಗ ಅಡ್ಡಗಾಲು ಹಾಕಿದ್ದು ನಮ್ಮ ಸಮಾಜವಷ್ಟೇ ಅಲ್ಲ, ಚರ್ಚೂ ಹೌದು. ಕ್ಯಾಥೊಲಿಕ್ ಸಿಸ್ಟರುಗಳು ಹೆರಿಗೆ ಮಾಡಿಸುವಂತಿಲ್ಲ ಎಂಬ ನಿಯಮವನ್ನು ರೋಮ್ ಸಡಿಲಿಸಿದ್ದು 1936ರಲ್ಲಿ. ಅದಕ್ಕೂ ಮೊದಲೇ, 1920ರಲ್ಲಿ, ಮೇರಿ ಗ್ಲೌರಿ ಎಂಬ ಆಸ್ಟ್ರೇಲಿಯಾದ ವೈದ್ಯೆ ಗುಂಟೂರಿಗೆ ಬಂದು ಸನ್ಯಾಸಿನಿಯಾಗಿ, ಪೋಪರ ವಿಶೇಷ ಅನುಮತಿಯಿಂದ ವೈದ್ಯವೃತ್ತಿ ಮುಂದುವರಿಸಿದರು. 1943ರಲ್ಲಿ ಅವರು ಕಟ್ಟಿದ ಸಂಘವೇ ಇಂದು ದೇಶದ ಮೂರು ಸಾವಿರಕ್ಕೂ ಹೆಚ್ಚು ಆಸ್ಪತ್ರೆ, ಚಿಕಿತ್ಸಾಲಯಗಳನ್ನು ಹೆಣೆದಿರುವ ಕ್ಯಾಥೊಲಿಕ್ ಹೆಲ್ತ್ ಅಸೋಸಿಯೇಷನ್. ಆಕೆ ತೀರಿಕೊಂಡದ್ದು ನಮ್ಮ ಬೆಂಗಳೂರಿನಲ್ಲಿ, 1957ರಲ್ಲಿ. ಊರಿಗೆ ಅದು ನೆನಪಿಲ್ಲ. ಪ್ರಾಟೆಸ್ಟೆಂಟ್ ಆಸ್ಪತ್ರೆಗಳನ್ನು ಬೆಸೆದ ಕ್ರಿಶ್ಚಿಯನ್ ಮೆಡಿಕಲ್ ಅಸೋಸಿಯೇಷನ್ ಇನ್ನೂ ಹಳೆಯದು, 1905ರಲ್ಲಿ ಕೆಲವೇ ಮಿಷನರಿ ವೈದ್ಯರು ಕೂಡಿ ಕಟ್ಟಿಕೊಂಡದ್ದು.

ಇಷ್ಟು ಹಳೆಯ ಮಾತು ನಿಮಗೇಕೆ? ಸಣ್ಣ ಊರಿಗೆ ಹೋದರೆ ಕಲಿತದ್ದು ಮರೆತುಹೋಗುತ್ತದೆ ಎಂಬ ಭಯ ನಿಮ್ಮ ಹಾಸ್ಟೆಲುಗಳಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ಉತ್ತರವಾಗಿ ಒಬ್ಬರ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಪಾಲ್ ಬ್ರಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿ ಬೆಟ್ಟಗಳಲ್ಲಿ, ಮಿಷನರಿ ದಂಪತಿಗೆ. ಯುದ್ಧಕಾಲದ ಲಂಡನ್ನಿನಲ್ಲಿ ಸರ್ಜರಿ ಕಲಿತು 1946ರಲ್ಲಿ ವೆಲ್ಲೂರಿಗೆ ಬಂದರು. ಚೆಂಗಲ್ಪಟ್ಟಿನ ಕುಷ್ಠಧಾಮಕ್ಕೆ ಒಮ್ಮೆ ಹೋದಾಗ ಅಲ್ಲಿ ನೂರಾರು ಕೈಗಳು. ಬೆರಳುಗಳು ಒಳಮಡಚಿ ಕೊಕ್ಕೆಯಾದವು, ಮೊಂಡಾದವು, ಹುಣ್ಣಾದವು. ಅಂಥ ಒಬ್ಬನ ಕೈಯೊಳಗೆ ತಮ್ಮ ಕೈಯಿಟ್ಟು ಬಿಗಿಯಾಗಿ ಹಿಡಿ ಎಂದರು. ಅವನು ಹಿಡಿದ ಹಿಡಿತಕ್ಕೆ ಬ್ರಾಂಡ್‌ಗೆ ನೋವಾಯಿತು! ಸತ್ತೇಹೋಗಿದೆ ಎಂದು ಎಲ್ಲರೂ ತಿಳಿದಿದ್ದ ಕೈಯಲ್ಲಿ ಮುಂದೋಳಿನ ಸ್ನಾಯುಗಳು ಗಟ್ಟಿಯಾಗಿಯೇ ಇದ್ದವು. ಸೋತಿದ್ದದ್ದು ಮೊಣಕೈ ಬಳಿ ಮತ್ತು ಮಣಿಕಟ್ಟಿನ ಬಳಿ ನರ ಕೆಟ್ಟ ಕಾರಣಕ್ಕೆ ಅಂಗೈಯೊಳಗಿನ ಸಣ್ಣ ಸ್ನಾಯುಗಳು ಮಾತ್ರ. ಹಾಗಾದರೆ ಗಟ್ಟಿಯಾಗಿರುವ ಒಂದು ಸ್ನಾಯುವಿನ ಕಂಡರವನ್ನು ಬಿಡಿಸಿ, ಸೀಳಿ, ಅಂಗೈಯೊಳಗಿಂದ ಹಾಯಿಸಿ ಬೆರಳುಗಳಿಗೆ ಹೊಲಿದರೆ? 1948ರಲ್ಲಿ ವೆಲ್ಲೂರಿನಲ್ಲಿ ಅದನ್ನೇ ಮಾಡಿದರು. ಕೆಲವು ವಾರ ಪ್ಲಾಸ್ಟರು, ಆಮೇಲೆ ದಿನವೂ ವ್ಯಾಯಾಮ. ನಿಧಾನಕ್ಕೆ ಬೆರಳು ತೆರೆಯಿತು, ತುತ್ತು ಕಲಸಿ ಬಾಯಿಗಿಡಲು ಬಂತು.

ಅಲ್ಲಿಗೆ ಮುಗಿಯಲಿಲ್ಲ. ಸರಿಪಡಿಸಿದ ಕೈಗಳಲ್ಲೂ ಕೆಲವರ ಬೆರಳುಗಳಿಗೆ ರಾತ್ರಿ ಕಳೆಯುವುದರೊಳಗೆ ಗಾಯವಾಗುತ್ತಿತ್ತು. ರೋಗ ಮರುಕಳಿಸಿತೇ ಎಂದು ಎಲ್ಲರಿಗೂ ದಿಗಿಲು. ಕಾದು ನೋಡಿದರೆ ಇಲಿ. ಸ್ಪರ್ಶವಿಲ್ಲದ ಬೆರಳನ್ನು ಇಲಿ ಕಡಿದರೂ ಮಲಗಿದವನಿಗೆ ಎಚ್ಚರವಾಗುತ್ತಿರಲಿಲ್ಲ. ಅಂದಿನಿಂದ ಮನೆಗೆ ಹೋಗುವ ರೋಗಿಗೆ ಔಷಧಿಯ ಜೊತೆ ಒಂದು ಬೆಕ್ಕು! ಕುಷ್ಠರೋಗದಲ್ಲಿ ಮಾಂಸ ಕೊಳೆತು ಬೀಳುತ್ತದೆ ಎಂಬ ಶತಮಾನಗಳ ನಂಬಿಕೆ ಹೀಗೆ ಬಿದ್ದುಹೋಯಿತು. ನೋವು ತಿಳಿಯದ ಕೈಕಾಲುಗಳಿಗೆ ಬಿಸಿ ಪಾತ್ರೆ, ಮುಳ್ಳು, ಮೊಳೆ, ಬಿಗಿ ಚಪ್ಪಲಿ ಮಾಡುವ ಗಾಯಗಳೇ ಬೆರಳು ತಿನ್ನುತ್ತಿದ್ದದ್ದು. ವೆಲ್ಲೂರು ಮತ್ತು ಪಕ್ಕದ ಕರಿಗಿರಿಯಲ್ಲಿ ಮೆತ್ತನೆಯ ರಬ್ಬರಿನ ಅಟ್ಟೆಗಾಗಿ ಮಾಡಿದ ಪ್ರಯೋಗಗಳ ಫಲವೇ ಎಂಸಿಆರ್ ಚಪ್ಪಲಿ. ನೀವು ಇಂಟರ್ನ್‌ಷಿಪ್‌ನಲ್ಲಿ ಪಿಎಚ್‌ಸಿಗೆ ಹೋದಾಗ ಕುಷ್ಠರೋಗ ಕಾರ್ಯಕ್ರಮದವರು ಅದನ್ನು ಹಂಚುವುದನ್ನು ಕಂಡಿರಬಹುದು. ಇಂದು ಸಕ್ಕರೆ ಕಾಯಿಲೆಯವರ ಪಾದ ಉಳಿಸುವ ವಿದ್ಯೆಗೂ ಬೇರು ಅಲ್ಲಿದೆ. ದೊಡ್ಡ ಕಾಲೇಜುಗಳು ಗೇಟಿನೊಳಗೆ ಬಿಟ್ಟುಕೊಳ್ಳದ ರೋಗಿಗಳನ್ನು ನೋಡಲು ಹೋದವರಿಗೆ ಸಿಕ್ಕ ವಿದ್ಯೆ ಅದು.

ನಮ್ಮ ರಾಜ್ಯದಲ್ಲೂ ಇಂಥ ಆಸ್ಪತ್ರೆಗಳ ಸಾಲು ಸಣ್ಣದಲ್ಲ. ಬೆಂಗಳೂರಿನ ಸೇಂಟ್ ಮಾರ್ಥಾಸ್ 1886ರದು. ಜರ್ಮನಿಯ ಜೆಸ್ಯೂಟ್ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪತಿ ಗುಳಿಗೆ ಹಂಚುತ್ತ ಶುರುಮಾಡಿದ್ದು ಕುಷ್ಠರೋಗಿಗಳ ಆಶ್ರಯವಾಗಿ, ಪ್ಲೇಗಿನ ಕಾಲದ ಆಸರೆಯಾಗಿ, ಇಂದು ವೈದ್ಯಕೀಯ ಕಾಲೇಜಾಗಿ ನಿಂತಿದೆ. ಮೈಸೂರಿಗರು ಹೋಲ್ಡ್ಸ್‌ವರ್ತ್ ಎಂಬ ಹೆಸರಿಗೆ ನಾಲಿಗೆ ಹೊರಳಿಸದೆ ಇಂದಿಗೂ ‘ಮಿಷನ್ ಆಸ್ಪತ್ರೆ’ ಎನ್ನುತ್ತಾರೆ. ಉಡುಪಿಯಲ್ಲಿ 1923ರಲ್ಲಿ ಈವಾ ಲೊಂಬಾರ್ಡ್ ಎಂಬ ಸ್ವಿಸ್ ವೈದ್ಯೆ ತೆರೆದದ್ದೂ ಅಲ್ಲಿನವರಿಗೆ ಮಿಷನ್ ಆಸ್ಪತ್ರೆಯೇ. ಕೋಲಾರದಲ್ಲಿ ಮೆಥಡಿಸ್ಟರದು, ಗದಗ–ಬೆಟಗೇರಿಯಲ್ಲಿ ಬಾಸೆಲ್ ಮಿಷನ್ ನಡೆಸಿದ್ದು, ಚಿಕ್ಕಬಳ್ಳಾಪುರದ್ದು, ಹಾಸನದ್ದು. ಕೋಲಾರ ಸೀಮೆಯ ಕ್ಷಯರೋಗಿಗಳಿಗೆ ಹತ್ತಿರದ ಆಸರೆಯಾಗಿದ್ದದ್ದು 1915ರಲ್ಲಿ ಮದನಪಲ್ಲಿಯ ಬಳಿ ಹಲವು ಮಿಷನ್‌ಗಳು ಕೂಡಿ ತೆರೆದ ಆರೋಗ್ಯವರಂ.

ಈ ಸಾಲಿನಲ್ಲಿ ಕೆಲವು ದೊಡ್ಡದಾಗಿ ಬೆಳೆದಿವೆ, ಕೆಲವು ಉಸಿರು ಹಿಡಿದುಕೊಂಡಿವೆ. ದೇಶದ ಬೇರೆಡೆ ಮುಚ್ಚಿದವೂ ಇವೆ. ವಿದೇಶದಿಂದ ಬರುತ್ತಿದ್ದ ಹಣವೂ ವೈದ್ಯರೂ ನಿಂತದ್ದು ಒಂದು ಕಾರಣ. ಆದರೆ ಅದು ಆಗಬೇಕಾದದ್ದೇ. ಇನ್ನೊಂದು ಕಾರಣ: ತಾಲ್ಲೂಕು ಕೇಂದ್ರಗಳಲ್ಲಿ ನರ್ಸಿಂಗ್ ಹೋಮುಗಳು ಎದ್ದು, ಹಣ ಕೊಡಬಲ್ಲ ರೋಗಿ ಅತ್ತ ಹೋದ. ಕೊಡಲಾರದವ ಮಿಷನ್ ಆಸ್ಪತ್ರೆಯಲ್ಲಿ ಉಳಿದ. ಮೊದಲು ಉಳ್ಳವನ ಬಿಲ್ಲಿನಲ್ಲಿ ಇಲ್ಲದವನ ಔಷಧಿ ನಡೆಯುತ್ತಿತ್ತು, ಈಗ ಆ ಲೆಕ್ಕ ಕೂಡುವುದಿಲ್ಲ. ಲಿಫ್ಟು, ಅಗ್ನಿಶಾಮಕ ಪ್ರಮಾಣಪತ್ರ, ಹೊಲಸು ವಿಲೇವಾರಿ ಎಂದು ನಿಯಮಗಳೂ ಹೆಚ್ಚಿದವು. ಅವು ಬೇಕಾದವೇ, ಆದರೆ ನೂರು ಹಾಸಿಗೆಯ ಹಳೆ ಕಟ್ಟಡಕ್ಕೆ ಭಾರ. ಇಷ್ಟೆಲ್ಲ ಇದ್ದರೂ, ಡಾಕ್ಟರಿದ್ದ ಕಡೆ ಆಸ್ಪತ್ರೆ ಹೇಗೋ ಉಳಿದಿದೆ. ಡಾಕ್ಟರು ಹೋದ ಕಡೆ ಉಳಿದಿಲ್ಲ.

ಅಸ್ಸಾಮಿನ ಮಕುಂದಾ ಇದಕ್ಕೆ ಸಾಕ್ಷಿ. ತ್ರಿಪುರಾ, ಮಿಜೋರಾಂ ಗಡಿಗೆ ಅಂಟಿಕೊಂಡ ಆ ಮೂಲೆಯಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು ಕುಷ್ಠರೋಗಿಗಳಿಗಾಗಿ ಆಸ್ಪತ್ರೆ ಕಟ್ಟಿದ್ದರು. ವಿದೇಶಿ ವೈದ್ಯರು ಹೋದ ಮೇಲೆ 1980ರ ದಶಕದಲ್ಲಿ ಅದು ಮುಚ್ಚಿಹೋಯಿತು. 1993ರಲ್ಲಿ ವೈದ್ಯ ದಂಪತಿ, ಡಾ. ವಿಜಯ್ ಆನಂದ್ ಇಸ್ಮಾವೆಲ್ ಮತ್ತು ಡಾ. ಆ್ಯನ್ ಮಿರಿಯಂ, ಅಲ್ಲಿಗೆ ಹೋದರು. ಆತ ಸರ್ಜನ್, ಆಕೆ ಅನೆಸ್ತೀಷಿಯಾ ವೈದ್ಯೆ. ಮೂವತ್ತು ವರ್ಷದ ಲೆಕ್ಕ ಹಾಕಿಕೊಂಡೇ ಹೊರಟಿದ್ದರು. ಅವರು ಬಡವರಿಗೆ ದಾನ ಮಾಡಲು ಹೊರಗಿನಿಂದ ಹಣ ತರಲಿಲ್ಲ. ಬಡವರೇ ಕೊಡಬಲ್ಲಷ್ಟು ದರವಿಟ್ಟು, ಖರ್ಚನ್ನು ಅದರೊಳಗೆ ಹಿಡಿದರು. ತೀರಾ ಇಲ್ಲದವರನ್ನು ಗುರುತಿಸಿ ಬಿಟ್ಟುಕೊಟ್ಟರು. ಇಂದು ಅಲ್ಲಿ ವರ್ಷಕ್ಕೆ ಸಾವಿರಾರು ಹೆರಿಗೆಗಳಾಗುತ್ತವೆ, ಶಾಲೆಯೂ ನರ್ಸಿಂಗ್ ಸ್ಕೂಲೂ ಇವೆ. ಇಸ್ಮಾವೆಲ್ ಅವರು ಬಿಡುವಾದಾಗ ಕ್ಯಾಂಪಸ್ಸಿನ ಪತಂಗ, ಜೇಡಗಳ ಫೋಟೊ ತೆಗೆದು ಜೀವವೈವಿಧ್ಯದ ದಾಖಲೆಗೆ ಸೇರಿಸಿದ್ದಾರೆ. ಸಣ್ಣ ಊರಿನಲ್ಲಿ ಸಂಜೆ ಹೇಗೆ ಕಳೆಯುವುದು ಎಂದು ಕೇಳುವವರಿಗೆ ಇದನ್ನೂ ಹೇಳಬೇಕು.

ಇಂಥ ಊರುಗಳಲ್ಲಿ ನೀವು ಏನು ಕಲಿಯುತ್ತೀರಿ? ಉತ್ತರ ಭಾರತದ ಒಂದು ಸಣ್ಣ ಮಿಷನ್ ಆಸ್ಪತ್ರೆಯ ಲೇಬರ್ ರೂಮಿನ ಹೊರಗೆ ಈ ಲೇಖಕ ಒಂದು ರಾತ್ರಿ ಕುಳಿತಿದ್ದ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ ಒಬ್ಬ ಬಸುರಿಯನ್ನು ತಂದರು. ದಾರಿಯಲ್ಲೇ ಎರಡು ಸಲ ಫಿಟ್ಸ್ ಬಂದಿತ್ತು. ಡ್ಯೂಟಿಯಲ್ಲಿದ್ದದ್ದು ಎಂಬಿಬಿಎಸ್ ಮುಗಿಸಿ ಒಂದೂವರೆ ವರ್ಷವಾದ ಹುಡುಗಿ. ಬಿಪಿ ನೋಡಿದರು, ಮ್ಯಾಗ್ನೀಷಿಯಂ ಸಲ್ಫೇಟ್ ತರಿಸಿದರು. ನಾಲ್ಕು ಗ್ರಾಂ ನಿಧಾನವಾಗಿ ರಕ್ತನಾಳಕ್ಕೆ, ಐದೈದು ಗ್ರಾಂ ಎರಡೂ ಪೃಷ್ಠಕ್ಕೆ. ಈ ಡೋಸು ನಿಮ್ಮ ಪರೀಕ್ಷೆಯ ಪ್ರಶ್ನೆ, ನಿಮಗೆ ಬಾಯಿಪಾಠ. ಆದರೆ ಮುಂದಿನ ಡೋಸು ಕೊಡಬಹುದೇ ಎಂದು ತಿಳಿಯಲು ಮಂಡಿಯ ಕೆಳಗೆ ತಟ್ಟಿ ಕಾಲು ಚಿಮ್ಮುತ್ತದೆಯೇ ನೋಡಬೇಕಲ್ಲ, ಆ ಗಡಿಬಿಡಿಯಲ್ಲಿ ಹ್ಯಾಮರ್ ಸಿಗಲಿಲ್ಲ. ಆಕೆ ಅಂಗೈಯ ಅಂಚಿನಿಂದಲೇ ತಟ್ಟಿದರು. ಕಾಲು ಚಿಮ್ಮಿತು. ಉಸಿರು ಎಣಿಸಿದರು, ಮೂತ್ರದ ಚೀಲ ಎತ್ತಿ ದೀಪಕ್ಕೆ ಹಿಡಿದು ಎಷ್ಟಾಗಿದೆ ನೋಡಿದರು, ಕ್ಯಾಲ್ಸಿಯಂ ಗ್ಲೂಕೊನೇಟ್ ಕೈಗೆಟಕುವಲ್ಲಿ ಇದೆಯೇ ಎಂದು ಕೇಳಿದರು. ಅಷ್ಟರಲ್ಲಿ ಕ್ವಾರ್ಟರ್ಸಿನಿಂದ ಹಿರಿಯ ವೈದ್ಯರು ಸ್ವೆಟರ್ ಹಾಕಿಕೊಳ್ಳುತ್ತಲೇ ಬಂದರು. ಒಟಿಯೊಳಗೆ ಹೋಗಿ ಅರ್ಧ ಗಂಟೆಗೆಲ್ಲ ಮಗುವಿನ ಅಳು ಕೇಳಿಸಿತು. ಟ್ರ್ಯಾಕ್ಟರು ತಂದ ಮಾವ ಗೋಡೆಗೊರಗಿ ಬೀಡಿ ಹಚ್ಚಿ, ನರ್ಸಮ್ಮ ಗದರಿದ್ದಕ್ಕೆ ಆರಿಸಿದ.

ರಕ್ತ ಬೇಕಾದಾಗ ಮಾತ್ರ ಕಥೆ ಇಷ್ಟು ಸಲೀಸಲ್ಲ. ಹಣ ಪಡೆದು ರಕ್ತ ಮಾರುವುದು ಸುಪ್ರೀಂ ಕೋರ್ಟಿನ ತೀರ್ಪಿನಿಂದಾಗಿ 1998ರಿಂದ ನಿಂತಿತು. ಆಗಲೇಬೇಕಿದ್ದ ಕೆಲಸ. ಜೊತೆಗೆ ಲೈಸೆನ್ಸ್ ಇಲ್ಲದ ಕಡೆ ರಕ್ತ ತೆಗೆಯುವುದಕ್ಕೂ ನಿಷೇಧ ಬಂತು. ಅದಕ್ಕೂ ಮೊದಲು ಸಣ್ಣ ಆಸ್ಪತ್ರೆಗಳಲ್ಲಿ ತಮ್ಮನೋ ಮೈದುನನೋ, ಎಷ್ಟೋ ಸಲ ಆಪರೇಷನ್ ಮಾಡುವ ಡಾಕ್ಟರೇ, ಪರೀಕ್ಷೆ ಮಾಡಿಸಿಕೊಂಡು ಪಕ್ಕದ ಮಂಚದಲ್ಲಿ ಮಲಗಿ ರಕ್ತ ಕೊಡುತ್ತಿದ್ದರು. ಬ್ಲಡ್ ಬ್ಯಾಂಕ್ ನಾಲ್ಕು ಗಂಟೆ ದೂರವಿರುವ ಊರಲ್ಲಿ ಪ್ರಸವದ ರಕ್ತಸ್ರಾವ ನಾಲ್ಕು ಗಂಟೆ ಕಾಯುವುದಿಲ್ಲ. ತುರ್ತಿನಲ್ಲಿ, ಪರೀಕ್ಷೆ ಮಾಡಿದ ನೇರ ರಕ್ತದಾನಕ್ಕೆ ಅನುಮತಿ ಕೊಡಿ ಎಂದು ಗ್ರಾಮೀಣ ಸರ್ಜನ್ನರು ವರ್ಷಗಳಿಂದ ಸರ್ಕಾರವನ್ನು ಕೇಳುತ್ತಿದ್ದಾರೆ. ಇಂಥ ಪ್ರಶ್ನೆಗಳನ್ನು ದಿಲ್ಲಿಗೆ ಮುಟ್ಟಿಸಲು, ಸಣ್ಣ ಊರಿನಲ್ಲಿ ನಾಲ್ಕು ರಾತ್ರಿ ಎದ್ದು ಕೂತ ನಿಮ್ಮಂಥವರ ಮಾತು ಬೇಕು.

ಈ ಆಸ್ಪತ್ರೆಗಳಿಗೆ ಡಾಕ್ಟರು ಬರುತ್ತಿದ್ದ ಹಾದಿಯೊಂದು ಈಚೆಗೆ ಕಿರಿದಾಗಿದೆ. ವೆಲ್ಲೂರಿನ ಕಾಲೇಜು ಚರ್ಚುಗಳ ಶಿಫಾರಸಿನ ಮೇಲೆ, ತನ್ನದೇ ಸಂದರ್ಶನ ನಡೆಸಿ ಹುಡುಗರನ್ನು ತೆಗೆದುಕೊಳ್ಳುತ್ತಿತ್ತು. ಓದು ಮುಗಿದ ಮೇಲೆ ಎರಡು ವರ್ಷ ಮಿಷನ್ ಆಸ್ಪತ್ರೆಯಲ್ಲಿ ದುಡಿಯುವ ಕರಾರು. ನೀಟ್ ಮತ್ತು ಕೇಂದ್ರೀಕೃತ ಕೌನ್ಸೆಲಿಂಗ್ ಬಂದಾಗ, 2017ರಲ್ಲಿ, ಅದು 100 ಎಂಬಿಬಿಎಸ್ ಸೀಟುಗಳಲ್ಲಿ ಒಂದನ್ನು ಮಾತ್ರ ತುಂಬಿ ಉಳಿದದ್ದನ್ನು ಖಾಲಿ ಬಿಟ್ಟಿತು. 2020ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ನೀಟ್ ಎಲ್ಲರಿಗೂ ಅನ್ವಯ ಎಂದು ತೀರ್ಪು ಕೊಟ್ಟಿತು. ಕ್ಯಾಪಿಟೇಷನ್ ಶುಲ್ಕದ ಕರ್ಮಕಾಂಡ ಕಂಡ ಕರ್ನಾಟಕದವರಿಗೆ ಆ ತೀರ್ಪಿನ ಅಗತ್ಯ ವಿವರಿಸಬೇಕಿಲ್ಲ. ಆದರೂ ಒಂದು ಮಾತು ಉಳಿಯುತ್ತದೆ. 700ರ ಮೇಲೆ ಅಂಕ ತೆಗೆದ ಹುಡುಗ ಮಕುಂದಾದಲ್ಲಿ ಉಳಿಯುತ್ತಾನೋ ಇಲ್ಲವೋ ಎಂಬುದು ಯಾವ ಓಎಂಆರ್ ಶೀಟಿನಲ್ಲೂ ಗೊತ್ತಾಗದು. ನಮ್ಮ ರಾಜ್ಯವೇ 2012ರಲ್ಲಿ ವೈದ್ಯ ಪದವೀಧರರಿಗೆ ಒಂದು ವರ್ಷದ ಕಡ್ಡಾಯ ಸೇವೆಯ ಕಾಯ್ದೆ ತಂದಿತು. ದಂಡ ಕಟ್ಟಿ ಪಾರಾಗುವುದು ಹೇಗೆ, ಕೋರ್ಟಿಗೆ ಹೋಗುವುದು ಹೇಗೆ ಎಂಬ ಚರ್ಚೆಯೇ ಹಾಸ್ಟೆಲುಗಳಲ್ಲಿ ಹೆಚ್ಚಾಗಿ ನಡೆಯಿತು. ಕಾಯ್ದೆಯಿಂದ ಡಾಕ್ಟರನ್ನು ಊರಿಗೆ ಕಳಿಸಬಹುದು, ರಾತ್ರಿ ಎರಡು ಗಂಟೆಗೆ ಕ್ವಾರ್ಟರ್ಸಿನಿಂದ ಎಬ್ಬಿಸುವುದು ಕಷ್ಟ.

ಇನ್ನು ನಿಮ್ಮ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ: ಮತಾಂತರ. ಮುಚ್ಚಿಡುವುದು ಬೇಡ. ಮಿಷನರಿ ವೈದ್ಯರು ಗುಣಪಡಿಸಲೂ ಬಂದರು, ತಮ್ಮ ಧರ್ಮ ಸಾರಲೂ ಬಂದರು. ಎರಡನ್ನೂ ಬಹಿರಂಗವಾಗಿಯೇ ಹೇಳಿಕೊಂಡರು. ವಾರ್ಡುಗಳಲ್ಲಿ ಬೆಳಗಿನ ಪ್ರಾರ್ಥನೆ ಇತ್ತು, ಈಗಲೂ ಹಲವೆಡೆ ಇದೆ. ಮಿರಜಿಗೆ ಹೋದ ನಮ್ಮ ಕಡೆಯ ಜನ ಆ ಹಾಡು ಕೇಳಿಸಿಕೊಂಡು, ಹೊಲಿಗೆ ಬಿಚ್ಚಿಸಿಕೊಂಡು, ಬರುವ ದಾರಿಯಲ್ಲಿ ಎಲ್ಲಮ್ಮನಿಗೋ ಮಾಯಕ್ಕನಿಗೋ ಹರಕೆ ತೀರಿಸಿ ಮನೆಗೆ ಬಂದರು. ನೋವಿನಲ್ಲಿ ಮಲಗಿದವನ ಮಂಚದ ಬಳಿ ಯಾವ ಧರ್ಮದವರೂ ಪ್ರಚಾರಕ್ಕೆ ನಿಲ್ಲಬಾರದು ಎಂಬುದು ಈ ಲೇಖಕನ ಅಭಿಪ್ರಾಯ. ಸೇರುವ ಮೊದಲು ಆಡಳಿತದವರನ್ನು ನೇರವಾಗಿ ಕೇಳಿ: ಪ್ರಾರ್ಥನೆಗೆ ಬರಲೇಬೇಕೇ, ರೋಗಿಗಳೊಡನೆ ಧರ್ಮದ ಮಾತು ನಮ್ಮ ಕೆಲಸದ ಭಾಗವೇ ಎಂದು. ಉತ್ತರ ಸರಿಬರದಿದ್ದರೆ ಬೇರೆ ಆಸ್ಪತ್ರೆ ನೋಡಿ. ಆದರೆ ಗುಮಾನಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದನ್ನೂ ಮರೆಯಬೇಡಿ. ಒಡಿಶಾದಲ್ಲಿ ಕುಷ್ಠರೋಗಿಗಳ ನಡುವೆ ದುಡಿಯುತ್ತಿದ್ದ ಗ್ರಹಾಂ ಸ್ಟೇನ್ಸ್‌ರನ್ನು 1999ರ ಜನವರಿಯಲ್ಲಿ ಇಬ್ಬರು ಗಂಡುಮಕ್ಕಳ ಸಮೇತ ಜೀಪಿನಲ್ಲಿ ಸುಟ್ಟರು. ಅವರ ಹೆಂಡತಿ ಗ್ಲ್ಯಾಡಿಸ್ ಆಮೇಲೂ ವರ್ಷಗಟ್ಟಲೆ ಅಲ್ಲೇ ಉಳಿದು ಆ ರೋಗಿಗಳ ಕೆಲಸ ನಡೆಸಿದರು.

ಸುದ್ದಿಪತ್ರಗಳ ಮೇಲೂ ಒಂದು ತಕರಾರಿದೆ, ಬಳಗದ ಹಿರಿಯರು ಇದನ್ನು ಓದುತ್ತಿದ್ದರೆ ಬೇಸರ ಮಾಡಿಕೊಳ್ಳಬಾರದು. ಅವುಗಳಲ್ಲಿ ಎಲ್ಲವೂ ಕೃತಜ್ಞತೆ, ಎಲ್ಲವೂ ಆಶೀರ್ವಾದ. ಎರಡು ವರ್ಷಕ್ಕೆಂದು ಬಂದವರು ಎಂಟು ತಿಂಗಳಿಗೆ ಏಕೆ ಹೋದರು ಎಂಬುದು ಎಲ್ಲೂ ಇರುವುದಿಲ್ಲ. ಸೋರುವ ಕ್ವಾರ್ಟರ್ಸ್, ನಗರದ ಅರ್ಧವೂ ಇಲ್ಲದ ಸಂಬಳ, ಚರ್ಚಿನ ಆಸ್ತಿಗಾಗಿ ಕಮಿಟಿಯವರ ಕೋರ್ಟು ಕಚೇರಿ, ‘ಸೇವೆ’ ಎಂಬ ಮಾತು ಮುಂದಿಟ್ಟು ರಜೆ ಕೊಡದ ಸೂಪರಿಂಟೆಂಡೆಂಟರು, ಇವೂ ನಿಜ. ಮುಂದೆ ಬರುವವರಿಗೆ ಇದನ್ನು ಮೊದಲೇ ಹೇಳಿದರೆ ಬರುವವರು ಕಡಿಮೆಯಾಗಬಹುದು, ಬಂದವರು ಮಾತ್ರ ನಿಲ್ಲುತ್ತಾರೆ.

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಒಮ್ಮೆಲೇ ಎರಡು ವರ್ಷಕ್ಕೆ ಸಹಿ ಹಾಕಬೇಡಿ. ಮೊದಲು ಹದಿನೈದು ದಿನ ಹೋಗಿ ನೋಡಿ. ಎಮ್ಯಾನುಯೆಲ್ ಹಾಸ್ಪಿಟಲ್ ಅಸೋಸಿಯೇಷನ್ 1969ರಿಂದ ಉತ್ತರ ಮತ್ತು ಈಶಾನ್ಯ ಭಾರತದ ಹಿಂದುಳಿದ ಜಿಲ್ಲೆಗಳಲ್ಲಿ ಆಸ್ಪತ್ರೆಗಳನ್ನು ನಡೆಸುತ್ತಿದೆ. ನೇಪಾಳದ ಗಡಿಯ ರಕ್ಸೌಲ್‌ನಲ್ಲಿ 1930ರಲ್ಲಿ ಶುರುವಾದ ಡಂಕನ್ ಆಸ್ಪತ್ರೆ ಅದರಲ್ಲೊಂದು. ಅಷ್ಟು ದೂರ ಬೇಡವೆಂದರೆ ನಿಮ್ಮ ಜಿಲ್ಲೆಯದೇ ಮಿಷನ್ ಆಸ್ಪತ್ರೆಯ ಬಾಗಿಲು ತಟ್ಟಿ. ಹೋದಾಗ ನೋಡಬೇಕಾದದ್ದು ಕಟ್ಟಡವನ್ನಲ್ಲ. ರಾತ್ರಿ ಕರೆದರೆ ಬರುವ ಹಿರಿಯ ವೈದ್ಯರು ಒಬ್ಬರಾದರೂ ಇದ್ದಾರೆಯೇ ನೋಡಿ. ಇಲ್ಲದಿದ್ದರೆ ಹೋಗಲೇಬೇಡಿ. ಒಬ್ಬರೇ ನಿಂತು ಜೀವದ ಮೇಲೆ ಕಲಿಯುವ ಹಕ್ಕು ಯಾರಿಗೂ ಇಲ್ಲ. ಸಂಬಳ, ರಜೆ, ಕಾನೂನು ರಕ್ಷಣೆಯ ವಿಮೆ, ಎಲ್ಲವನ್ನೂ ಕಾಗದದ ಮೇಲೆ ಪಡೆಯಿರಿ. ಅಲ್ಲಿದ್ದೇ ಡಿಎನ್‌ಬಿ ಫ್ಯಾಮಿಲಿ ಮೆಡಿಸಿನ್ ಮಾಡಲು ಅವಕಾಶವಿದೆಯೇ ಎಂದೂ ಕೇಳಿ, ಹಲವೆಡೆ ಇದೆ.

ತಂದೆ–ತಾಯಿಯರಲ್ಲಿ ಒಂದು ಮಾತು. ಮಗಳು ‘ಎರಡು ವರ್ಷ ಬಿಹಾರಕ್ಕೆ ಹೋಗುತ್ತೇನೆ’ ಎಂದಾಗ ಮದುವೆಯ ಮಾತು ಎತ್ತಬೇಡಿ. ಭಯವಿದ್ದರೆ ಅವಳ ಜೊತೆ ರೈಲು ಹತ್ತಿ ಹೋಗಿ, ಅಲ್ಲಿನ ಕ್ಯಾಂಟೀನಿನಲ್ಲಿ ಊಟ ಮಾಡಿ, ನರ್ಸುಗಳ ಹತ್ತಿರ ಮಾತಾಡಿ ಬನ್ನಿ.

ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನಲ್ಲಿ ನೆಲೆ ಕಂಡ ಅನೆಸ್ತೀಷಿಯಾ ಮತ್ತು ಸರ್ಜರಿ ತಜ್ಞರು ಈ ಪತ್ರವನ್ನು ಹೆಗಲ ಮೇಲಿಂದ ಇಣುಕಿ ಓದುತ್ತಿದ್ದರೆ ಅವರಿಗೂ ಕೆಲಸವಿದೆ. ಸಣ್ಣ ಆಸ್ಪತ್ರೆಯ ಒಬ್ಬನೇ ಸರ್ಜನ್ ಮಗಳ ಪರೀಕ್ಷೆಗೆಂದೋ ತಾಯಿಯ ಕಾಯಿಲೆಗೆಂದೋ ಊರಿಗೆ ಹೋಗಬೇಕಾದಾಗ ಒಟಿಗೆ ಬೀಗ ಬೀಳುತ್ತದೆ. ವರ್ಷಕ್ಕೆ ಎರಡು ವಾರ ನೀವು ಅವರ ಜಾಗದಲ್ಲಿ ನಿಂತರೆ ಅವರು ಇನ್ನೂ ಐದು ವರ್ಷ ಅಲ್ಲಿ ಉಳಿಯುತ್ತಾರೆ. ನಿಮ್ಮ ಬಿಡುವಿನ ವಾರಗಳನ್ನು ಬರೆದು ಅಂಥ ಒಂದು ಆಸ್ಪತ್ರೆಗೆ ಈ ತಿಂಗಳೇ ಕಳಿಸಿ. ಯುವ ವೈದ್ಯರೇ, ನೀವು ಇಂಟರ್ನ್‌ಷಿಪ್ಪಿನ ಕೊನೆಯ ಪೋಸ್ಟಿಂಗಿಗೆ ಹೋಗುವ ಮೊದಲು ಒಂದು ಅರ್ಜಿ ಹಾಕಿ. ನೀಟ್ ಪಿಜಿಯ ಪುಸ್ತಕಗಳನ್ನು ಜೊತೆಗೇ ಒಯ್ಯಿರಿ, ಅಲ್ಲಿಯೂ ಕರೆಂಟು ಇರುತ್ತದೆ, ಹೆಚ್ಚಿನ ಹೊತ್ತು.

ಇತಿ,
ತಮ್ಮ ವಿಶ್ವಾಸಿ,
ಬೆಳಗಾವಿ ಜಿಲ್ಲೆಯ ಒಬ್ಬ ಪತ್ರಿಕಾ ಬರಹಗಾರ